ಬಚ್ಚಲಿಗೆ ಹಾಕಿದ ಅರಗು

ಚನ್ನಪಟ್ಟಣದ ಗಂಗಹನುಮಯ್ಯನ ಕೈ ಲೇತ್ ಮಿಷನ್ ಮುಂದೆ ಕೂತಾಗ ಒಂದು ಥರ, ಅಲ್ಲಿಂದ ಎದ್ದು ಮನೆಯೊಳಗೆ ಬಂದಾಗ ಇನ್ನೊಂದು ಥರ. ಕೂತಾಗ ನೋಡಬೇಕು ನೀವು. ಹಾಲೆಮರದ ತುಂಡು ಗರಗರ ತಿರುಗುತ್ತಿರುತ್ತದೆ, ಇವನು ಉಳಿ ಹಿಡಿದು ಹಾಗೆ ಸುಮ್ಮನೆ ಸೋಕಿಸಿದರೆ ಸಾಕು, ಗಿಲಕಿಯೋ ಬುಗುರಿಯೋ ತಾನಾಗಿ ಎದ್ದು ಬರುತ್ತದೆ. ಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಆ ಉಜ್ಜಿನ ಬಿಸಿಗೆ ಅರಗು ಕರಗಿ ಮರಕ್ಕೆಲ್ಲ ಹರಡಿಕೊಳ್ಳುತ್ತದೆ. ಅದೇ ಕೈ ಮನೆಯೊಳಗೆ ಒಂದು ಬಲ್ಬು ಬದಲಿಸಲು ಹೋಯಿತೋ, ಬಲ್ಬೂ ಹೋಯಿತು, ಹೋಲ್ಡರೂ ಹೋಯಿತು, ಬೀದಿಯವರೆಗೂ ಕರೆಂಟು ಹೋಯಿತು.

ಹೆಂಡತಿ ಪುಟ್ಟತಾಯಮ್ಮ ಬದುಕಿರುವವರೆಗೆ ಇದು ಗೊತ್ತೇ ಆಗಲಿಲ್ಲ. ನಲ್ಲಿ ಸೋರಿದರೆ ವಾಷರ್ ಹಾಕುತ್ತಿದ್ದವಳು ಅವಳು, ಮಿಕ್ಸಿ ನಿಂತರೆ ಬಿಚ್ಚಿ ಊದುತ್ತಿದ್ದವಳು ಅವಳು. "ನೀವು ಮುಟ್ಬೇಡಿ ಮಾರಾಯ್ರೇ, ಲೇತ್ ಬುಟ್ಟು ಈಚೆಗ್ ಬಂದ್ರೆ ನಿಮ್ ಕೈ ಬರೀ ಬೆಣ್ಣೆ" ಅನ್ನುತ್ತಿದ್ದಳು. ಅವಳು ಹೋದ ಮೇಲೆ ಮನೆ ಒಂದೊಂದೇ ಬಿಚ್ಚಿಕೊಳ್ಳತೊಡಗಿತು. ಗಂಗಹನುಮಯ್ಯನಿಗೆ ಗೊತ್ತಿದ್ದ ಮದ್ದು ಒಂದೇ, ಅರಗು. ಕನ್ನಡಕದ ಕಾಲು ಮುರಿಯಿತು, ಅರಗು. ಕುಕ್ಕರಿನ ಹಿಡಿ ಸಡಿಲವಾಯಿತು, ಅರಗು. ಬೆಂಕಿಯ ಮೇಲಿಡುವ ಕುಕ್ಕರಿಗೆ ಅರಗು ಹಾಕುವವನು ಎಂಥ ಜಾಣನಿರಬೇಕು ನೋಡಿ! ಅವತ್ತು ಹಿಡಿ ಕಳಚಿ ಬೇಳೆಯೆಲ್ಲ ನೆಲದ ಪಾಲಾಯಿತು. ಬುದ್ಧಿ ಬಂತೇ? ಎಲ್ಲಿ ಬರುತ್ತದೆ.

ಪಕ್ಕದ ಮಿಷನ್ನಿನಲ್ಲಿ ಕೆಲಸ ಮಾಡುವ ಶೋಯೆಬ್‌ಗೆ ಮಾತ್ರ ದಿನಕ್ಕೊಮ್ಮೆಯಾದರೂ ಪಾಠ ಹೇಳುತ್ತಿದ್ದ. "ಕಡ್ಡಿ ಕೆಳಕ್ ಬೀಳುಸ್ಬೇಡ ಕಣ್ಲಾ, ತಣ್ಣಗಿರೋ ಅರಗು ಗಾಜಿದ್ದಂಗೆ, ಪುಡಿಪುಡಿಯಾಗ್ ಹೋಯ್ತದೆ." ಈ ಮಾತು ನೆನಪಿಟ್ಟುಕೊಳ್ಳಿ. ಹೇಳಿದವನಿಗೇ ಅದು ಬೇಕಾದ ಹೊತ್ತಿಗೆ ನೆನಪಾಗಲಿಲ್ಲ.

ಮಗಳು ಚೈತ್ರಾಳನ್ನು ಕೊಟ್ಟಿದ್ದು ಕನಕಪುರಕ್ಕೆ. ಅಳಿಯ ದೇವರಾಜ್ ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ಬೀಗಿತ್ತಿ ಜ್ಯೋತಿಲಕ್ಷ್ಮಿ ಅಂಗನವಾಡಿ ಟೀಚರಾಗಿದ್ದು ರಿಟೈರಾದವರು. ಚೈತ್ರಾ ಬಸುರಿಯಾದಾಗ ಬೀಗಿತ್ತಿ ಒಂದು ಮಾತು ತೆಗೆದರು. "ನೋಡಿ ಬೀಗರೇ, ತಪ್ಪು ತಿಳೀಬೇಡಿ. ಮನೇಲಿ ಹೆಂಗಸರಿಲ್ಲ. ಬಾಣಂತನ ಗಂಡಸರ ಕೈಲಿ ಆಗೋ ಕೆಲಸವಲ್ಲ. ನಮ್ಮನೇಲೇ ಆಗ್ಲಿ."

ಬೇರೆ ಯಾವುದಕ್ಕಾದರೂ ಗಂಗಹನುಮಯ್ಯ ಹೂಂ ಅಂದುಬಿಡುತ್ತಿದ್ದ. ಇದಕ್ಕೆ ಅನ್ನಲಿಲ್ಲ. ಪುಟ್ಟತಾಯಮ್ಮ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡು ಮಗಳ ಬಾಣಂತನದ ಮಾತಾಡಿದ್ದಳು. ಮೆಣಸು ಯಾರ ಅಂಗಡಿಯಲ್ಲಿ ತರಬೇಕು, ತಲೆಗೆ ಕಟ್ಟಲು ಯಾವ ಹಳೇ ಸೀರೆ ಹರಿಯಬೇಕು ಎಲ್ಲ ಹೇಳಿದ್ದಳು. ಅಮ್ಮ ಹೋದಳು, ಅವಳ ಜೊತೆಗೆ ತವರೂ ಹೋಯಿತು ಅಂತ ಮಗಳು ಅಂದುಕೊಳ್ಳಬಾರದು, ಅಷ್ಟೇ ಅವನ ಹಟ. "ದೊಡ್ಡಆಲಹಳ್ಳಿಯಿಂದ ನಮ್ ಮಾರಮ್ಮಕ್ಕನ್ನ ಕರುಸ್ಕತೀನಿ ತಾಯೀ. ಮೂರ್ ತಿಂಗ್ಳು ತುಂಬೋಗಂಟ ನನ್ ಮಗ್ಳು ನಮ್ಮನೇಲೇ ಇರ್ಲಿ" ಎಂದು ಕೈ ಮುಗಿದ. ಬೀಗಿತ್ತಿ ಒಪ್ಪಿದರು, ಆದರೆ ಒಪ್ಪುವಾಗಲೇ ಗಂಟು ಹಾಕಿದರು. "ಎಣ್ಣೆ, ನೀರು, ಬೆಚ್ಚಗಿಡೋದು, ಇದರಲ್ಲಿ ಏನಾದ್ರೂ ಹೆಚ್ಚುಕಮ್ಮಿ ಕಂಡ್ರೆ ಅವತ್ತೇ ಕರ್ಕೊಂಡು ಬಂದ್ಬಿಡ್ತೀನಿ."

ಹೆರಿಗೆಗೆ ಮುಂಚೆ ಗಂಗಹನುಮಯ್ಯ ಮನೆಗೆಲ್ಲ ಸುಣ್ಣ ಬಳಿಸಿ ಸಜ್ಜುಮಾಡಿದ. ಬಚ್ಚಲಮನೆಯಲ್ಲಿ ಮಾತ್ರ ಒಂದು ಕಾಟವಿತ್ತು. ನೆಲದಲ್ಲಿ ನೀರು ಹೋಗುವ ತೂತಿನ ಸುತ್ತ ಸಿಮೆಂಟು ಕಿತ್ತು ಬಂದು ಸಂದಾಗಿತ್ತು. ಆ ಸಂದಿನಲ್ಲಿ ನೀರು ಇಳಿದು ಆಚೆಬದಿಯ ಲೇತ್ ರೂಮಿನ ಗೋಡೆ ಹಸಿಯಾಗುತ್ತಿತ್ತು. ಪ್ಲಂಬರ್ ಅಕ್ರಮ್‌ಗೆ ಫೋನು ಮಾಡಿದ. "ಬಿಡದಿ ಅಪಾರ್ಟ್‌ಮೆಂಟಲ್ಲಿ ಸಿಕ್ಕಾಕೊಂಡಿದೀನಿ ಗಂಗಣ್ಣ, ನಾಳೆ ಬತ್ತೀನಿ" ಎಂದ. ಆ ನಾಳೆ ಬರಲೇ ಇಲ್ಲ. ನಮ್ಮವನಿಗೆ ಎಷ್ಟು ಹೊತ್ತು? ಇದ್ದಬದ್ದ ಕೆಂಪು ಅರಗನ್ನೆಲ್ಲ ಕಾಯಿಸಿ, ತೂತಿನ ಸುತ್ತ ಬಳೆಯ ಹಾಗೆ ದಪ್ಪಗೆ ಮೆತ್ತಿದ. ಪೈಪಿನ ಒಳಬಾಯಿಗೂ ಮೆತ್ತಿದ. ಆರಿದ ಮೇಲೆ ತಾಳೆಗರಿ ತಂದು ಉಜ್ಜಿ ಮೆರುಗು ಕೂಡ ಬರಿಸಿದ! ಬಚ್ಚಲ ತೂತಿಗೆ ಮೆರುಗು ಹಾಕಿದ ಮನುಷ್ಯ ಈ ಭೂಮಿಯ ಮೇಲೆ ಇವನೊಬ್ಬನೇ ಇರಬೇಕು.

ಹೆಣ್ಣುಮಗು ಹುಟ್ಟಿತು. ಮಾರಮ್ಮ ಬಂದಳು. ಗಂಗಹನುಮಯ್ಯನ ದೊಡ್ಡಪ್ಪನ ಮಗಳು, ಅರ್ಧ ಊರಿನ ಮಕ್ಕಳನ್ನು ಕಾಲ ಮೇಲೆ ಹಾಕಿಕೊಂಡು ನೀರು ಹುಯ್ದವಳು. ಅಳಿಯ ತಂದುಕೊಟ್ಟಿದ್ದ ಪ್ಲಾಸ್ಟಿಕ್ ಟಬ್ಬನ್ನು ನೋಡಿ, "ಇದೇನ್ಲಾ, ಕೂಸ್ನ ನೆನೆಯಾಕಕ್ಕಾ?" ಎಂದು ಅದರಲ್ಲಿ ಬೆಳ್ಳುಳ್ಳಿ ತುಂಬಿಟ್ಟಳು. ಬೆಳಿಗ್ಗೆ ಎದ್ದವಳೇ ಲೇತಿನ ಮರದ ಹೊಟ್ಟನ್ನು ಒಲೆಗೆ ತುಂಬಿ ಹಂಡೆ ನೀರು ಕುದಿಸುತ್ತಿದ್ದಳು. ಚೈತ್ರಾಳ ಮೈಗೆ ಹರಳೆಣ್ಣೆ ತಿಕ್ಕಿ, ಸೀಗೆಪುಡಿ, ಕಡಲೆಹಿಟ್ಟು ಹಾಕಿ, ಹೊಗೆಯಾಡುವ ನೀರನ್ನು ಚೊಂಬಿನ ಮೇಲೆ ಚೊಂಬು ಹುಯ್ಯುತ್ತಿದ್ದಳು. ಕಡೆಗೆ ನೆಲದ ಜಿಡ್ಡು ಹೋಗಲೆಂದು ಹಂಡೆಯ ತಳದಲ್ಲಿ ಉಳಿದ ಕೊತಕೊತ ಕುದಿಯುವ ನೀರನ್ನು ತೂತಿಗೇ ಸುರಿಯುತ್ತಿದ್ದಳು. ತಲೆಗೆ ಸೀರೆಚೂರು ಬಿಗಿದುಕೊಂಡು, ಸಾಂಬ್ರಾಣಿ ಹೊಗೆಯಲ್ಲಿ ಕೆಂಪಗೆ ಕೂತ ಮಗಳನ್ನು ಬಾಗಿಲ ಸಂದಿಯಿಂದ ನೋಡಿದರೆ ಗಂಗಹನುಮಯ್ಯನಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು. ಪುಟ್ಟತಾಯೀ, ನೋಡ್ದಾ, ನಡುಸ್ಬುಟ್ಟೆ, ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ.

ಆ ಸುಖ ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಮಾರಮ್ಮ ಸೀರೆ ಎತ್ತಿ ಕಟ್ಟಿಕೊಂಡು ಬಚ್ಚಲಿಂದ ಈಚೆಗೆ ಬಂದಳು.

"ಲೇ ಗಂಗಾ, ನೀರು ನಿಂತದೆ ಕಣ್ಲಾ. ಹಸಿ ಬಾಣಂತಿ ತಣ್ಣೀರಲ್ಲಿ ಕಾಲಿಟ್ಕಂಡು ಕುಂತ್ರೆ ಶೀತ ನೆತ್ತಿಗೇರ್ತದೆ. ಒಸಿ ನೋಡು."

ಒಸಿ ನೋಡಿದ. ತೆಂಗಿನ ಕಡ್ಡಿ ಹಾಕಿದ, ಮುರಿಯಿತು. ಸೈಕಲ್ ಕಡ್ಡಿ ಹಾಕಿದ, ಬಗ್ಗಿತು. ಅಂಗಡಿಯಿಂದ ರಬ್ಬರ್ ಬಟ್ಟಲಿನ ಕೋಲು ತಂದು ಒತ್ತಿದ. ಒಳಗಿದ್ದ ಹೊಲಸೆಲ್ಲ ಬುಸ್ಸೆಂದು ಮುಖಕ್ಕೆ ಹಾರಿತು. ಪೈಪು ಬಿಡಿಸುವ ಪುಡಿ ಸುರಿದ. ಕೆಟ್ಟ ವಾಸನೆ ಬಂತು, ನೀರು ಮಾತ್ರ ಕದಲಲಿಲ್ಲ. ಕೊನೆಗೆ ಒಂದು ಕಬ್ಬಿಣದ ಸಲಾಕೆ ಇಳಿಬಿಟ್ಟ. ಅದು ಪೈಪಿನ ಬಾಗಿನಲ್ಲಿ ಮೆತ್ತಗೆ ಏನಕ್ಕೋ ಹೋಗಿ ನೆಟ್ಟುಕೊಂಡಿತು. ಎರಡೂ ಕಾಲು ಗೋಡೆಗೆ ಕೊಟ್ಟು ಎಳೆದಾಗ ಕಿತ್ತು ಬಂತು. ತುದಿಯಲ್ಲಿ ಕೂದಲು, ಸೀಗೆಪುಡಿ, ಹಿಟ್ಟು, ಎಲ್ಲವನ್ನೂ ಹಿಡಿದು ಅಂಟಿಸಿಕೊಂಡ ಕೆಂಪು ಮುದ್ದೆ. ಗಂಗಹನುಮಯ್ಯ ಅದನ್ನು ಮೂಸಿ ನೋಡಿದ. ಹುಟ್ಟಿದಾಗಿನಿಂದ ಮೂಗಿಗೆ ಹತ್ತಿದ ವಾಸನೆ.

ತಾನೇ ಮೆತ್ತಿದ ಅರಗು, ಕುದಿಯುವ ನೀರಿಗೆ ಕರಗಿ, ಜಾರಿ, ಬಾಗಿನಲ್ಲಿ ಹೋಗಿ ಕೂತಿತ್ತು. ಅಯ್ಯೋ ದೇವರೇ, ನನ್ನ ಕೈಗೆ ಬೆಂಕಿ ಹಾಕ, ಎಂದು ಅಲ್ಲೇ ತಲೆ ಚಚ್ಚಿಕೊಂಡ. ಯಾರಿಗೂ ಹೇಳಲಿಲ್ಲ. ಹೇಗೆ ಹೇಳುತ್ತಾನೆ? ನಲವತ್ತು ವರ್ಷ ಅರಗಿನಲ್ಲೇ ಬದುಕಿದವನು!

ಅಕ್ರಮ್ ಕೊನೆಗೊಮ್ಮೆ ಬಂದ. ಸ್ಪ್ರಿಂಗ್ ಹಾಕಿ ತಿರುಗಿಸಿದ, ಸ್ಪ್ರಿಂಗೇ ಸಿಕ್ಕಿಕೊಂಡಿತು. ಅದನ್ನು ಬಿಡಿಸಿಕೊಂಡು ತಲೆ ಅಲ್ಲಾಡಿಸಿದ. "ಬಾಗಲ್ಲಿ ಕೂತೈತೆ ಗಂಗಣ್ಣ. ನೆಲ ಒಡೀಬೇಕು, ಪೈಪ್ ಚೇಂಜ್ ಮಾಡ್ಬೇಕು. ಡ್ರಿಲ್ ಮಿಷನ್ ಸೌಂಡು, ಸಿಮೆಂಟ್ ಧೂಳು, ಎಲ್ಲ ಐತೆ. ಹಸಿ ಕೂಸು ಇರೋ ಮನೇಲಿ ನಾನ್ ಕೈ ಹಾಕಲ್ಲಪ್ಪ. ಮಗಳನ್ನ ಗಂಡನ ಮನೆಗೆ ಕಳ್ಸಿ, ಆಮೇಲೆ ಫೋನ್ ಮಾಡಿ."

ಕಳಿಸುವುದು! ಕಳಿಸಬಾರದೆಂದು ತಾನೇ ಇಷ್ಟೆಲ್ಲ.

ಅಂದಿನಿಂದ ಬಚ್ಚಲು ಗಂಗಹನುಮಯ್ಯನ ಕೊರಳಿಗೆ ಬಿತ್ತು. ಅರಗನ್ನು ಕರಗಿಸುವುದು ಬಿಸಿ, ಅಷ್ಟು ಅವನಿಗೆ ಗೊತ್ತು. ಆದ್ದರಿಂದ ಕೆಟಲ್ಲಿನಲ್ಲಿ ಕುದಿಸಿ ಇನ್ನೂ ಬಿಸಿ ನೀರು ಸುರಿದ. ಒಂದು ಗಳಿಗೆ ಗೊಳಗೊಳ ಎಂದು ನೀರು ಇಳಿಯುತ್ತಿತ್ತು. ಇವನ ಮುಖ ಅರಳುತ್ತಿತ್ತು. ಅಷ್ಟರಲ್ಲಿ ಮೆತ್ತಗಾದ ಅರಗು ಇನ್ನಷ್ಟು ಕೂದಲು ಬಾಚಿಕೊಂಡು ಮತ್ತೆ ಹರಡಿ ಕೂರುತ್ತಿತ್ತು. ಆರುವ ಮೊದಲೇ ಸಂಜೆ ಮಗುವಿನ ನೀರು, ಅದರ ಮೇಲೆ ರಾತ್ರಿಯೆಲ್ಲ ಇವನ ಕೆಟಲ್ಲಿನ ನೀರು, ಅದರ ಮೇಲೆ ಬೆಳಿಗ್ಗೆ ಬಾಣಂತಿಯ ನೀರು. ಬಿಸಿ ತಪ್ಪಿದ ಹೊತ್ತೇ ಇರಲಿಲ್ಲ.

ಮಾರಮ್ಮ ಹಂಡೆಯ ನೀರನ್ನು ಅರ್ಧಕ್ಕೆ ಇಳಿಸಿದಳು. "ಬೆನ್ನಿಗೆ ನೀರೇ ಸಾಲ್ತಿಲ್ಲ, ಏನ್ ಬಾಣಂತನವೋ ಇದು" ಎಂದು ಗೊಣಗಿದಳು. ಗಂಗಹನುಮಯ್ಯ ಕಂಡುಕೊಂಡ ದಾರಿ ಒಂದೇ. ಮಗಳು ನೀರು ಹಾಕಿಸಿಕೊಂಡು ಕಂಬಳಿ ಹೊದ್ದು ಮಲಗಿದ ಮೇಲೆ, ಬಚ್ಚಲ ಬಾಗಿಲು ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕೂರುವುದು, ನಿಂತ ನೀರನ್ನು ಮಗ್ಗಿನಲ್ಲಿ ಗೋರಿ ಬಕೆಟ್ಟಿಗೆ ತುಂಬುವುದು, ಹಿತ್ತಲ ಬಾಗಿಲಿಂದ ಹೊತ್ತು ತೆಂಗಿನ ಬುಡಕ್ಕೆ ಸುರಿಯುವುದು. ಕೊನೆಗೆ ನೆಲವನ್ನು ಬಟ್ಟೆಯಲ್ಲಿ ಒರೆಸಿ ಏನೂ ಆಗಿಲ್ಲವೆಂಬಂತೆ ಈಚೆಗೆ ಬರುವುದು. ಸೊಂಟ ಹಿಡಿದುಕೊಂಡಿತು. ಅಂಗೈ ಒಡೆಯಿತು. ಲೇತ್ ಹತ್ತಿರ ಹೋಗುವುದೇ ನಿಂತಿತು. ಶೋಯೆಬ್ ಬಂದು ಕೇಳಿದರೆ "ಮೊಮ್ಮಗಳ್ ನೋಡ್ಕೊಂಡು ಕುಂತಿವ್ನಿ" ಅನ್ನುತ್ತಿದ್ದ.

"ಅಪ್ಪಾ, ಯಾಕೆ ಬಗ್ಗಿ ನಡೀತಿದೀಯ?" ಎಂದು ಚೈತ್ರಾ ಒಮ್ಮೆ ಕೇಳಿದಳು.

"ವಯಸ್ಸಾಯ್ತು ಕಣವ್ವ, ಇನ್ನೇನು ಎದೆ ಸೆಟ್ಕಂಡ್ ನಡೀಲಾ?" ಎಂದು ನಕ್ಕ. ಅವಳು ನಗಲಿಲ್ಲ.

ಬುಧವಾರ ಅಳಿಯನ ಫೋನು. "ಮಾವ, ನಾಳೆ ಅಮ್ಮ ನಾನು ಬರ್ತಿದೀವಿ. ಪಾಪು ನೋಡ್ಕೊಂಡು ಹೋಗೋಣ ಅಂತ."

ಬೀಗಿತ್ತಿ ಬಂದರೆ ಮೊದಲು ನೋಡುವುದೇ ಬಚ್ಚಲು, ಆಮೇಲೆ ಅಡುಗೆಮನೆ. ಅದು ಗಂಗಹನುಮಯ್ಯನಿಗೆ ಗೊತ್ತು. ಗುರುವಾರ ಬೆಳಿಗ್ಗೆ ನೀರು ಹಾಕುವುದನ್ನು ಬೇಗ ಮುಗಿಸಲು ಮಾರಮ್ಮನನ್ನು ಅವಸರಪಡಿಸಿ ಬೈಸಿಕೊಂಡ. ಆಮೇಲೆ ಬಾಗಿಲು ಹಾಕಿಕೊಂಡು ಗೋರತೊಡಗಿದ. ಇವತ್ತೊಂದು ದಿನ, ಇವತ್ತೊಂದು ದಿನ ಮಾನ ಉಳಿಸಪ್ಪ ಕೆಂಗಲ್ ಆಂಜನೇಯ, ಎಂದು ಬೇಡಿಕೊಂಡ. ತೂತಿನೊಳಗೆ ಮೊಣಕೈವರೆಗೆ ತೋಳು ತೂರಿಸಿ ಬಾಗಿನಲ್ಲಿದ್ದ ಮುದ್ದೆಯನ್ನು ಉಗುರಿನಿಂದ ಕೆರೆಯಲು ನೋಡಿದ. ಆಗ ಸೊಂಟದಲ್ಲಿ ಏನೋ ಚಳಕ್ ಎಂದಿತು. ಅಷ್ಟೇ. ಏಳಲಾಗಲಿಲ್ಲ, ಕೂರಲಾಗಲಿಲ್ಲ, ತೋಳನ್ನು ಈಚೆಗೆ ತೆಗೆಯಲೂ ಆಗಲಿಲ್ಲ.

ಕಾರು ನಿಂತ ಸದ್ದು ಕೇಳಿಸಿತು. ಮಾತು ಕೇಳಿಸಿತು. ಬಾಗಿಲು ತೆರೆಯಿತು.

ಜ್ಯೋತಿಲಕ್ಷ್ಮಿ ರೇಗಲಿಲ್ಲ. ರೇಗಿದ್ದರೆ ಎಷ್ಟೋ ವಾಸಿಯಿತ್ತು. "ಅಯ್ಯೋ ಬೀಗರೇ, ಇದೇನಿದು..." ಎಂದು ಹೊಸ ಸೀರೆಯ ನೆರಿಗೆ ಕೂಡ ಎತ್ತಿಕೊಳ್ಳದೆ ಆ ಕೊಳೆನೀರಿಗೇ ಕಾಲಿಟ್ಟು ಬಂದು, ಮಗನನ್ನು ಕರೆದು, ಇಬ್ಬರೂ ಸೇರಿ ಅವನನ್ನು ಎಬ್ಬಿಸಿ ಕೂರಿಸಿದರು. ದೇವರಾಜ್ ಬೆನ್ನಿಗೆ ಮುಲಾಮು ತಿಕ್ಕಿದ. ತಿಂಡಿಯಾಯಿತು, ಕಾಫಿಯಾಯಿತು. ಯಾರೂ ಬಚ್ಚಲಿನ ಸುದ್ದಿ ಎತ್ತಲಿಲ್ಲ. ಚೈತ್ರಾ ಮಾತ್ರ ಒಳಗೆ ಬಟ್ಟೆ ಮಡಚುತ್ತಿದ್ದಳು. ಮಗುವಿನ ಬಟ್ಟೆ, ತನ್ನ ಬಟ್ಟೆ, ತಲೆಗೆ ಕಟ್ಟುವ ಅಮ್ಮನ ಸೀರೆಯ ಚೂರುಗಳು.

ಗಂಗಹನುಮಯ್ಯ ಗೋಡೆ ಹಿಡಿದುಕೊಂಡು ಒಳಗೆ ಹೋದ. "ಚೈತ್ರಾ, ಒಂದೆರಡ್ ದಿನ ಟೈಮ್ ಕೊಡವ್ವ. ನಿಮ್ಮತ್ತೆಗೆ ನಾನ್ ಹೇಳ್ತೀನಿ. ಕಾಲಿಗ್ ಬೀಳು ಅಂದ್ರೆ ಬೀಳ್ತೀನಿ. ಸರಿ ಮಾಡ್ಬುಡ್ತೀನಿ ಕಣವ್ವ."

ಚೈತ್ರಾ ಮಡಚುವುದನ್ನು ನಿಲ್ಲಿಸಿದಳು. "ಅಪ್ಪಾ, ಅತ್ತೆ ಏನೂ ಅಂದಿಲ್ಲ. ನಾನೇ ಫೋನ್ ಮಾಡಿ ಬನ್ನಿ ಅಂದೆ."

ಅವನಿಗೆ ಅರ್ಥವಾಗಲಿಲ್ಲ.

"ಕಂಬಳಿ ಹೊದ್ಕೊಂಡು ಮಲಗು ಅಂತೀರಿ. ನಿದ್ದೆ ಎಲ್ಲಿಂದ ಬರತ್ತಪ್ಪಾ? ಮಗ್ಗು ನೆಲಕ್ಕೆ ಕರಕರ ಉಜ್ಜೋದು ದಿನಾ ಕೇಳತ್ತೆ. ನೀನು ಬಕೆಟ್ ಹೊತ್ಕೊಂಡು ಹಿತ್ಲಿಗೆ ಹೋಗಿ ನಿಂತು ನಿಂತು ಬರೋದು ಕಿಟಕೀಲಿ ಕಾಣತ್ತೆ. ನನ್ನ ಮೇಲೆ ಒಂದ್ ಚೊಂಬು ನೀರು ಬಿದ್ರೆ ಅದನ್ನ ನೀನ್ ಹೊರ್ಬೇಕಲ್ಲ ಅಂತ ಲೆಕ್ಕ ಹಾಕ್ಕೊಂಡು ಕೂತಿರ್ತೀನಿ. ಸಾಕು ಮಾರಮ್ಮತ್ತೆ, ಸಾಕು ಮಾರಮ್ಮತ್ತೆ ಅಂತ ನಾನೇ ಹಂಡೆ ಅರ್ಧ ಮಾಡಿಸಿದ್ದು." ಅವಳಿಗೆ ಅಳು ತಡೆಯಲಿಲ್ಲ. "ಅಮ್ಮ ಇದ್ದಿದ್ರೆ ನಿನ್ನ ಹಿಂಗೆ ಒದ್ದಾಡಕ್ಕೆ ಬಿಡ್ತಿದ್ಲಾ? ನನ್ ಕೈಲಾಗಲ್ಲಪ್ಪಾ."

ಗಂಗಹನುಮಯ್ಯ ಅವಳ ಕೈಯಿಂದ ಸೀರೆಯ ಚೂರನ್ನು ತೆಗೆದುಕೊಂಡು ತಾನೇ ಮಡಚಿ ಚೀಲಕ್ಕಿಟ್ಟ. ಅದೂ ಸರಿಯಾಗಿ ಮಡಚಲು ಬರಲಿಲ್ಲ.

ಮಾರಮ್ಮ ಕೂಡ ಅದೇ ಕಾರಿನಲ್ಲಿ ಹೊರಟಳು. ಕನಕಪುರದಲ್ಲಿ ಇಳಿದು ತನ್ನೂರಿನ ಬಸ್ಸು ಹಿಡಿಯುತ್ತೇನೆಂದಳು. ಕಾರಿನ ಕಿಟಕಿಯಿಂದ ತಲೆ ಹಾಕಿ, "ಹಂಡೆ ತೊಳ್ದು ಬೋರಲಾಕಿವ್ನಿ ಕಣ್ಲಾ. ಉಣ್ಣೋದ್ ಮರೀಬ್ಯಾಡ" ಎಂದಳು. ಮೊಮ್ಮಗಳು ಕುಲಾವಿಯೊಳಗೆ ನಿದ್ದೆ ಹೋಗಿದ್ದಳು.

ಮಾರನೆಯ ಬೆಳಿಗ್ಗೆ ಒಲೆ ತಣ್ಣಗಿತ್ತು. ಯಾರಿಗೂ ನೀರು ಕಾಯಿಸಬೇಕಾಗಿರಲಿಲ್ಲ. ಗಂಗಹನುಮಯ್ಯ ಮುಖ ತೊಳೆಯಲು ಬಚ್ಚಲಿಗೆ ಹೋದ. ನಿನ್ನೆಯ ನೀರು ಹಾಗೆಯೇ ನಿಂತಿತ್ತು, ಮೇಲೆ ಎಣ್ಣೆಯ ಕೆನೆ. ಅದನ್ನು ನೋಡುತ್ತಿದ್ದಂತೆ ಅವನಿಗೆ ಎಲ್ಲಿತ್ತೋ ರೋಷ ಉಕ್ಕಿಬಂತು. "ನಿನ್ ಮನೆ ಹಾಳಾಗ! ನನ್ ಮನೆ ಹಾಳ್ ಮಾಡ್ದಲ್ಲೋ!" ಎಂದು ಮೂಲೆಯಲ್ಲಿದ್ದ ಸಲಾಕೆ ಎತ್ತಿ, ಸೊಂಟದ ನೋವನ್ನೂ ಮರೆತು, ತೂತಿನೊಳಗೆ ಕುಕ್ಕಿದ. ಮತ್ತೆ ಕುಕ್ಕಿದ.

ಇಷ್ಟು ದಿನ ಅಂಟಿಕೊಳ್ಳುತ್ತಿದ್ದ ಸಲಾಕೆ ಇವತ್ತು ಟಣ್ ಎಂದಿತು. ಇನ್ನೊಂದು ಏಟಿಗೆ ಒಳಗೆ ಏನೋ ಚಟ್ಟನೆ ಒಡೆಯಿತು. ಗೊಳಕ್ ಎಂದು ಒಂದು ಸದ್ದು. ನೀರು ನಡುಗಿ, ಸುತ್ತಿ, ಸರಸರನೆ ಇಳಿಯತೊಡಗಿತು. ನೋಡನೋಡುತ್ತಿದ್ದಂತೆ ನೆಲ ಕಂಡಿತು. ಸಲಾಕೆಯ ಜೊತೆ ಮೇಲೆ ಬಂದ ಚೂರು ಚೂರಾದ ಕೆಂಪು ಅರಗು, ಗಾಜಿನ ಪುಡಿಯ ಹಾಗೆ, ತೂತಿನ ಬಾಯಲ್ಲಿ ಮಿನುಗುತ್ತ ಉಳಿಯಿತು.

ತಣ್ಣಗಿರುವ ಅರಗು. ಶೋಯೆಬ್‌ಗೆ ದಿನಾ ಹೇಳುತ್ತಿದ್ದ ಮಾತು. ಒಂದು ರಾತ್ರಿ ಬಿಸಿನೀರು ಹಾಕದೆ ಬಿಟ್ಟಿದ್ದರೆ ಸಾಕಾಗಿತ್ತು. ಬಾಣಂತಿ ಇರುವ ಮನೆಯಲ್ಲಿ ಬಿಸಿನೀರು ಬಿಡುವುದು ಹೇಗೆ? ಅವಳಿಗಾಗಿ ಸುರಿದ ನೀರೇ ಆ ಮುದ್ದೆಯನ್ನು ಕಾಪಾಡಿತ್ತು. ಅವಳು ಹೋದ ಮೇಲೆ ಅದೂ ಹೋಯಿತು. ಗಂಗಹನುಮಯ್ಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಒದ್ದೆ ಕೈಯಲ್ಲೇ ಫೋನು ಒತ್ತಿದ. ಆಚೆ ಕಡೆ ನೀರಿನ ಸದ್ದು, ಮಗುವಿನ ಕಿರುಚಾಟ, ಬೀಗಿತ್ತಿ "ಆಯ್ತಾಯ್ತು ಬಂಗಾರೀ, ಆಯ್ತಾಯ್ತು" ಅನ್ನುವುದು ಕೇಳಿಸುತ್ತಿತ್ತು.

"ಚೈತ್ರಾ, ನೀರು ಹೋಯ್ತು ಕಣವ್ವ. ಪೂರಾ ಹೋಯ್ತು. ಈಗ ಎಷ್ಟಾದ್ರೂ ಹುಯ್ಕಬೋದು."

"ಒಳ್ಳೇದಾಯ್ತಪ್ಪಾ" ಎಂದಳು. "ಸೊಂಟ ಹೆಂಗಿದೆ? ಪಾಪೂಗೆ ನೀರು ಹಾಕ್ತಿದಾರೆ, ಆಮೇಲೆ ಮಾಡ್ಲಾ?"

"ಹೂಂ, ಮಾಡವ್ವ, ಮಾಡು. ಕೂಸು ನೋಡ್ಕೋ."

ಫೋನು ಇಟ್ಟು, ಮಾರಮ್ಮ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂರುತ್ತಿದ್ದ ಮಣೆಯ ಮೇಲೆ ಕೂತುಕೊಂಡ. ನಲ್ಲಿ ತಿರುಗಿಸಿ ಒಂದು ಬಕೆಟ್ ತುಂಬಿಸಿದ. ತೂತಿಗೆ ಸುರಿದ. ಎಲ್ಲೂ ನಿಲ್ಲದೆ ಹೋಯಿತು. ಇನ್ನೊಂದು ಬಕೆಟ್ ತುಂಬಲು ಇಟ್ಟ.